ಬಾಗಿಲಿಲ್ಲದ ಮನೆಗೆ ಅಂಟಿಸಿದ ಸಮನ್ಸ್

2023ರ ಜೂನ್ 12, ಸೋಮವಾರ. ಮೊದಲ ಪಾಳಿ ಮುಗಿಸಿ ನರಸಾಪುರದ ಬಾಡಿಗೆ ಮನೆಗೆ ಬಂದಾಗ ಅಮ್ಮ ಹೊಸ್ತಿಲಲ್ಲೇ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

‘ಕೋರ್ಟಿನೋರು ಬಂದಿದ್ರಪ್ಪ. ಸೈನ್ ಹಾಕುಸ್ಕೊಂಡು ಇದು ಕೊಟ್ಟೋದ್ರು’ ಎಂದು ಒಂದು ಕಟ್ಟು ಕಾಗದ ಕೈಗಿಟ್ಟಳು.

ಮೇಲೊಂದು ನೋಟೀಸು. ಅದರ ಹಿಂದೆ ಆರು ಪುಟದ ಕ್ರಯಪತ್ರದ ಕರಡು. ಮಾರಾಟಗಾರರು ಅಂತ ಅಮ್ಮನ ಹೆಸರು, ನನ್ನ ಹೆಸರು. ಕೊನೆಯ ಪುಟದಲ್ಲಿ ಷೆಡ್ಯೂಲು: 1 ಎಕರೆ 14 ಗುಂಟೆ, ಪೂರ್ವಕ್ಕೆ ಕೆರೆ ಕಾಲುವೆ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಚಿಕ್ಕಪ್ಪನ ಹೊಲ. ಅಪ್ಪನ ಜೊತೆ ರಾಗಿ ಹೊಲಕ್ಕೆ ಹೋಗುತ್ತಿದ್ದಾಗ ಆ ಚಕ್ಕುಬಂದಿಯ ಒಂದೊಂದು ಬದುವಿನ ಮೇಲೂ ನಡೆದಿದ್ದೇನೆ. ನಾವು ಸಹಿ ಹಾಕಬೇಕಾದ ಜಾಗದಲ್ಲಿ ನಮ್ಮ ಪರವಾಗಿ ನ್ಯಾಯಾಲಯದ ಅಧಿಕಾರಿ ಸಹಿ ಹಾಕುತ್ತಾರೆ ಎಂದು ಟೈಪಾಗಿತ್ತು. ಈ ಕರಡಿಗೆ ಆಕ್ಷೇಪಣೆ ಇದ್ದರೆ ಜುಲೈ 10ರೊಳಗೆ ಹೇಳಿ ಎಂದಷ್ಟೇ ನೋಟೀಸು ಕೇಳುತ್ತಿತ್ತು. ಜಮೀನು ಮಾರುತ್ತೀರಾ ಇಲ್ಲವಾ ಎಂಬ ಪ್ರಶ್ನೆಯೇ ಅದರಲ್ಲಿ ಇರಲಿಲ್ಲ. ಅದು 2021ರ ಸೆಪ್ಟೆಂಬರ್‌ನಲ್ಲೇ ನಮ್ಮ ಬೆನ್ನ ಹಿಂದೆ ತೀರ್ಮಾನವಾಗಿ ಹೋಗಿತ್ತು.

ನಾವು ಮಾಡಿದ್ದು ಸಾಲ. ಅಪ್ಪ ಹೋದ ಮೇಲೆ ಪೌತಿ ಖಾತೆ ಮಾಡಿಸಿಕೊಂಡು, 2017ರಲ್ಲಿ ಬೋರ್‌ವೆಲ್ ಕೊರೆಸಲು ಊರ ಕಡೆಯವರೊಬ್ಬರ ಹತ್ತಿರ 3 ಲಕ್ಷ ತಂದೆವು, ನೂರಕ್ಕೆ ಎರಡು ರೂಪಾಯಿ ಬಡ್ಡಿ. ಭದ್ರತೆಗೆ ಅಂತ ಅವರು ಬರೆಸಿಕೊಂಡಿದ್ದು ಕ್ರಯದ ಕರಾರು: ಜಮೀನಿನ ಬೆಲೆ 12 ಲಕ್ಷ, ಮುಂಗಡ 3 ಲಕ್ಷ. ನಮ್ಮ ಕಡೆ ಇದು ನಡೆದುಬಂದ ರೂಢಿ. ‘ಸಾಲ ತೀರಿದ ದಿನ ಹರಿದು ಹಾಕ್ತೀನಿ’ ಅಂದರು, ಅಮ್ಮ ನಾನು ಇಬ್ಬರೂ ಸಹಿ ಹಾಕಿದೆವು. ಬೋರಿನಲ್ಲಿ ನೀರು ಬೀಳಲಿಲ್ಲ. ತಿಂಗಳಿಗೆ 6 ಸಾವಿರ ಬಡ್ಡಿ ಮಾತ್ರ ತಪ್ಪದೆ ಕಳಿಸಿದೆ. ಕೊರೊನಾ ಬಂದು ಕಾರ್ಖಾನೆ ಮುಚ್ಚಿದಾಗ ನಿಂತಿತು. ಅವರು ಒಂದು ದಿನವೂ ಫೋನ್ ಮಾಡಿ ಕೇಳಲಿಲ್ಲ. ಕಷ್ಟ ಅರ್ಥ ಮಾಡಿಕೊಂಡಿದ್ದಾರೆ, ದೊಡ್ಡ ಮನಸ್ಸು ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು. ಕರಾರಿನಂತೆ ಜಮೀನು ಕ್ರಯ ಮಾಡಿಕೊಡಲಿ ಎಂದು ಅವರು ನಮ್ಮ ಮೇಲೆ ಹಾಕಿದ್ದ ದಾವೆ ಆ ಹೊತ್ತಿಗೆ ನಡೆಯುತ್ತಿತ್ತು. ಚೆನ್ನೈ ಎಕ್ಸ್‌ಪ್ರೆಸ್‌ವೇ ಸುದ್ದಿ ಬಂದ ಮೇಲೆ ಅಲ್ಲಿ 12 ಲಕ್ಷಕ್ಕೆ ಯಾರೂ ಜಮೀನು ಕೊಡುವುದಿಲ್ಲ.

ಮಾರನೇ ದಿನ ರಜೆ ಹಾಕಿ ಕೋಲಾರಕ್ಕೆ ಹೋಗಿ ಒಬ್ಬ ಮಹಿಳಾ ವಕೀಲರನ್ನು ಕಂಡೆವು. ಅಮ್ಮ ಬೋರ್‌ವೆಲ್‌ನಿಂದ ಕಥೆ ಶುರು ಮಾಡಿದಳು. ಮೇಡಂ ಸಮಾಧಾನವಾಗಿ ಕೇಳಿಸಿಕೊಂಡು ಆಮೇಲೆ ಹೇಳಿದ ಮಾತು ನನಗೆ ಈಗಲೂ ಕಿವಿಯಲ್ಲಿದೆ: ‘ಅಮ್ಮಾ, ಇದೆಲ್ಲಾ ನಿಜವೇ ಇರಬಹುದು. ಆದರೆ ಇದನ್ನ ಹೇಳೋ ಜಾಗ ಇನ್ನೂ ಬಂದಿಲ್ಲ. ಈಗ ಕೋರ್ಟು ಕೇಳೋದು ಒಂದೇ. ಅವತ್ತು ನೀವು ಯಾಕೆ ಬರಲಿಲ್ಲ? ಅದಕ್ಕೆ ಉತ್ತರ ಇದ್ದರೆ ಮಾತ್ರ ಉಳಿದ ಕಥೆಗೆ ಬಾಗಿಲು ತೆಗೀತದೆ.’

ಮುಂದಿನ ಎಂಟು ತಿಂಗಳು ನಾವು ಮಾಡಿದ್ದೆಲ್ಲಾ ಆ ಒಂದು ಪ್ರಶ್ನೆಗೆ ಉತ್ತರ ಕೊಡುವುದೇ. ನನ್ನ ಹಾಗೆ ಸಿಕ್ಕಿಕೊಂಡವರು ಮೊದಲು ಇದನ್ನು ತಿಳಿಯಬೇಕು ಅಂತಲೇ ಇಷ್ಟು ಬರೆಯುತ್ತಿರುವುದು. ಡಿಕ್ರಿ, ಅಂದರೆ ಕೋರ್ಟಿನ ಆ ತೀರ್ಮಾನ, ಅನ್ಯಾಯದ್ದು ಎಂದು ಎಷ್ಟು ಗೋಳಾಡಿದರೂ ಈ ಹಂತದಲ್ಲಿ ಅದು ಲೆಕ್ಕಕ್ಕಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 9 ರೂಲ್ 13, ಪ್ರತಿವಾದಿ ಬಾರದೆ ಆದ ಏಕಪಕ್ಷೀಯ ಡಿಕ್ರಿ ರದ್ದು ಮಾಡಲು ಎರಡೇ ಕಾರಣ ಒಪ್ಪುತ್ತದೆ. ಒಂದು, ಸಮನ್ಸ್ ಸರಿಯಾಗಿ ಜಾರಿಯಾಗಿರಲಿಲ್ಲ. ಇನ್ನೊಂದು, ಕೇಸು ಕೂಗಿದ ದಿನ ಹಾಜರಾಗದಿರಲು ಸಾಕಷ್ಟು ಕಾರಣವಿತ್ತು.

ಎರಡನೆಯದಾಗಿ ಮೇಡಂ ಕೇಳಿದ್ದು ದಿನದ ಲೆಕ್ಕ. ನೋಟೀಸು ಕೈಗೆ ಬಂದ ದಿನ ಯಾವುದು, ಅದಕ್ಕೂ ಮುಂಚೆ ಯಾರಾದರೂ ಹೇಳಿದ್ದರಾ, ಮೊಬೈಲಿಗೆ ಏನಾದರೂ ಬಂದಿತ್ತಾ. ಏಕಪಕ್ಷೀಯ ಡಿಕ್ರಿ ರದ್ದು ಮಾಡಿಸಲು 1963ರ ಕಾಲಮಿತಿ ಕಾಯ್ದೆ ಕೊಡುವುದು 30 ದಿನ. ಸಾಮಾನ್ಯವಾಗಿ ಡಿಕ್ರಿಯ ದಿನದಿಂದ ಎಣಿಕೆ. ಸಮನ್ಸೇ ಸರಿಯಾಗಿ ಜಾರಿಯಾಗಿಲ್ಲದಿದ್ದರೆ ಡಿಕ್ರಿ ವಿಷಯ ತಿಳಿದ ದಿನದಿಂದ. ನಮ್ಮದು ಜೂನ್ 12ರಿಂದ. ಆದರೂ ಅವರು ವಿಳಂಬ ಮನ್ನಾಕ್ಕೆ ಅದೇ ಕಾಯ್ದೆಯ 5ನೇ ಕಲಮಿನ ಅರ್ಜಿಯನ್ನೂ ಜೊತೆಗೆ ಸೇರಿಸಿದರು. ತಿಳಿದ ದಿನ ಬೇರೆ ಎಂದು ಕೋರ್ಟು ಹೇಳಿಬಿಟ್ಟರೆ ಕೈಯಲ್ಲಿ ಏನಾದರೂ ಇರಬೇಕಲ್ಲ.

ಸೀದಾ ಅಪೀಲು ಹೋಗಬಾರದಾ ಎಂದು ಕೇಳಿದೆ. ಹೋಗಬಹುದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 96ನೇ ಕಲಮಿನಲ್ಲಿ ಅದಕ್ಕೂ ದಾರಿಯಿದೆ. ಆದರೆ ಕೆಳಗಿನ ಕೋರ್ಟಿನ ಕಡತದಲ್ಲಿ ಇರುವುದು ಎದುರಾಳಿಯ ಸಾಕ್ಷ್ಯ ಮಾತ್ರ, ನಮ್ಮದೊಂದು ಚೀಟಿಯೂ ಇಲ್ಲ. ಅಪೀಲು ತೀರ್ಮಾನವಾಗಿ ಸೋತರೆ ಈ ರದ್ದತಿ ಅರ್ಜಿಯ ದಾರಿಯೂ ಮುಚ್ಚಿಹೋಗುತ್ತದೆ ಎಂದರು. ಆ ಮಾತು ಅಲ್ಲಿಗೇ ಬಿಟ್ಟೆವು.

ಅವತ್ತೇ ವಕಾಲತ್ತಿಗೆ ಸಹಿ ಹಾಕಿ, ದಾವೆ ನಡೆದ ತಾಲೂಕಿನ ಕೋರ್ಟಿಗೆ ಹೋಗಿ ನಕಲು ಅರ್ಜಿ ಕೊಟ್ಟೆವು. ತೀರ್ಪು, ಡಿಕ್ರಿ, ಆರ್ಡರ್ ಶೀಟು, ಸಮನ್ಸಿನ ಹಿಂಬರಹ, ವಾಪಸ್ ಬಂದ ರಿಜಿಸ್ಟರ್ ಲಕೋಟೆ, ಡಿಕ್ರಿ ಜಾರಿ ಮಾಡಿಸಲು ವಾದಿ ಹಾಕಿದ ಅಮಲ್ಜಾರಿ ಅರ್ಜಿ, ಹೀಗೆ ಒಂದೊಂದನ್ನೂ ಹೆಸರು ಹಿಡಿದು ಬರೆಸಿದರು. ಎಲ್ಲರೂ ತೀರ್ಪಿನ ನಕಲು ಒಂದನ್ನೇ ಕೇಳಿ ಹೋಗುತ್ತಾರಂತೆ. ‘ತೀರ್ಪಲ್ಲಿ ಏನೂ ಸಿಗಲ್ಲಪ್ಪ, ಹಿಂಬರಹದಲ್ಲಿ ಸಿಗ್ತದೆ’ ಅಂದರು. ನಕಲು ಕೈಗೆ ಬರಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನ ಅಮ್ಮ ಸರಿಯಾಗಿ ಊಟ ಮಾಡಲಿಲ್ಲ.

ಆರ್ಡರ್ ಶೀಟು ಓದುವುದು ಮೊದಲ ಸಲ. ಒಂದೊಂದು ವಾಯಿದೆಗೂ ಎರಡು ಮೂರು ಸಾಲು. ‘ಪ್ರತಿವಾದಿಯರನ್ನು ಕೂಗಿಸಲಾಯಿತು. ಗೈರುಹಾಜರು. ಏಕಪಕ್ಷೀಯವಾಗಿ ಇರಿಸಲಾಗಿದೆ.’ ತಾರೀಖು 2020ರ ಫೆಬ್ರವರಿ. ಆ ತಿಂಗಳು ನಾನು ಅಲ್ಲಿಂದ ಬಸ್ಸಿನಲ್ಲಿ ಒಂದೂವರೆ ಗಂಟೆ ದೂರದಲ್ಲಿ ಕೆಲಸ ಮಾಡುತ್ತಿದ್ದೆ. ಹೊರಗಿನ ವರಾಂಡದಲ್ಲಿ ಅಮ್ಮನ ಹೆಸರನ್ನು ಮೂರು ಸಲ ಕೂಗಿರುತ್ತಾರೆ, ಯಾರೂ ಓ ಎಂದಿಲ್ಲ. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಏಕಪಕ್ಷೀಯ ಎಂದು ಇರಿಸಿದ ಮೇಲೂ ಡಿಕ್ರಿಗೆ ಮುಂಚೆ ಬಂದಿದ್ದರೆ ರೂಲ್ 7ರ ಕೆಳಗೆ ಒಂದು ಅರ್ಜಿ ಹಾಕಿ ಒಳಗೆ ಸೇರಬಹುದಿತ್ತಂತೆ. ನಡುವೆ ಕೊರೊನಾದಿಂದ ಕೋರ್ಟುಗಳೇ ನಿಂತು ಒಂದೂವರೆ ವರ್ಷ ಸರಿದಿತ್ತು. ಅಷ್ಟೂ ಕಾಲ ನಮಗೆ ಗೊತ್ತಿರಲಿಲ್ಲ.

ಆಮೇಲೆ ಹಿಂಬರಹ. ಜಾರಿಕಾರರು ಕೈಯಲ್ಲಿ ಬರೆದದ್ದು, 2020ರ ಜನವರಿ 17ರದ್ದು. ‘ಪ್ರತಿವಾದಿಯರ ಮನೆಗೆ ಬೀಗ ಹಾಕಿದ್ದರಿಂದ, ಈ ಕೆಳಗೆ ಸಹಿ ಮಾಡಿದ ಪಂಚರ ಸಮಕ್ಷಮ ಮನೆಯ ಮುಂಬಾಗಿಲಿಗೆ ಸಮನ್ಸ್ ಅಂಟಿಸಿ ಬಂದಿರುತ್ತೇನೆ.’

ನಾನು ಓದುತ್ತಿದ್ದೆ, ಅಮ್ಮ ಕೇಳುತ್ತಿದ್ದಳು. ‘ಇನ್ನೊಂದ್ಸಲ ಓದು’ ಅಂದಳು. ಓದಿದೆ.

‘ಯಾವ ಬಾಗ್ಲಿಗೆ? ನಮ್ಮನೆ ಬಾಗ್ಲು ಮಾಲೂರಲ್ಲೈತಲ್ಲಪ್ಪ!’

ಮೇಡಂ ಪೆನ್ನು ಕೆಳಗಿಟ್ಟು ಅಮ್ಮನ ಕಡೆ ತಿರುಗಿ ಕೂತರು.

ಊರಿನ ನಮ್ಮ ಮನೆ ಮಣ್ಣಿನ ಮಾಳಿಗೆ. 2018ರ ಮಳೆಗಾಲದಲ್ಲಿ ಹಿಂದಿನ ಗೋಡೆ ಕುಸಿದ ಮೇಲೆ ಅಮ್ಮ ನನ್ನ ಜೊತೆ ನರಸಾಪುರಕ್ಕೆ ಬಂದಳು. ಮುಂದಿನ ವರ್ಷ ಅಕ್ಕ ಮಾಲೂರಿನಲ್ಲಿ ಮನೆ ಕಟ್ಟಿಸುವಾಗ, ತಾತ ಮಾಡಿಸಿದ್ದ ಹಲಸಿನ ಮರದ ಬಾಗಿಲು ಮಳೆಗೆ ಹಾಳಾಗುವುದು ಬೇಡ ಎಂದು ಬಾಗಲವಾಡದ ಸಮೇತ ಕೀಳಿಸಿ ಟೆಂಪೋದಲ್ಲಿ ಸಾಗಿಸಿದೆವು. 2019ರ ಶ್ರಾವಣದಲ್ಲಿ ಅಕ್ಕನ ಗೃಹಪ್ರವೇಶ. ಅದೇ ಬಾಗಿಲಿಗೆ ಅರಿಶಿನ ಕುಂಕುಮ ಬಳಿದು, ಮಾವಿನ ತೋರಣ ಕಟ್ಟಿ, ಅದರ ಮುಂದೆ ಎಲ್ಲರೂ ನಿಂತು ತೆಗೆಸಿದ ಫೋಟೋ ಇದೆ. ಊರಿನಲ್ಲಿ ಆಮೇಲೆ ಉಳಿದದ್ದು ಮೂರು ಗೋಡೆ, ಬಾಗಿಲಿದ್ದ ಕಡೆ ಒಂದು ಖಾಲಿ ಕಿಂಡಿ. ಬೀಗ ಹಾಕಲು ಅಲ್ಲಿ ಏನೂ ಇರಲಿಲ್ಲ.

ಜಾರಿಕಾರರು ಬೇಕೆಂದೇ ಸುಳ್ಳು ಬರೆದರು ಎಂದು ನಾನು ಹೇಳುವುದಿಲ್ಲ. ಯಾವುದೋ ಬೀಗ ಹಾಕಿದ ಮನೆ ತೋರಿಸಿ ಇದೇ ಅವರದು ಎಂದು ಯಾರೋ ಹೇಳಿರಬಹುದು. ಮನೆ ಗುರುತಿಸಿದವರು ಯಾರು, ಯಾರ ಮುಂದೆ ಅಂಟಿಸಿದ್ದು ಎಂದು ಹಿಂಬರಹದಲ್ಲಿ ಬರೆಯಲೇಬೇಕೆಂದು ಆರ್ಡರ್ 5 ರೂಲ್ 17 ಹೇಳುತ್ತದೆ. ಬರೆದಿದ್ದರು. ಗುರುತಿಸಿದವರು ವಾದಿಯ ಷಡ್ಡಕ.

ಇನ್ನೊಂದು ಸಿಕ್ಕಿತು. ಅಮಲ್ಜಾರಿ ಅರ್ಜಿಯಲ್ಲೂ ಮೊದಲು ಊರಿನ ವಿಳಾಸವೇ ಇತ್ತು. ಈ ಸಲ ಅಂಚೆಯಣ್ಣ ‘ವಿಳಾಸದಲ್ಲಿ ವಾಸವಿಲ್ಲ’ ಎಂದು ಬರೆದು ಕಳಿಸಿದ್ದರಿಂದ ಕೋರ್ಟು ಸರಿಯಾದ ವಿಳಾಸ ಕೊಡಿ ಎಂದಿತ್ತು. ಎಂಟೇ ದಿನದಲ್ಲಿ ವಾದಿ ನರಸಾಪುರದ ನಮ್ಮ ವಿಳಾಸ ಕೊಟ್ಟಿದ್ದರು, ದೇವಸ್ಥಾನದ ಹಿಂಭಾಗ ಎಂಬ ಗುರುತಿನ ಸಮೇತ. ಗೊತ್ತಿದ್ದ ವಿಳಾಸ 2019ರಲ್ಲಿ ದಾವೆ ಹಾಕುವಾಗ ಯಾಕೆ ಕೊಡಲಿಲ್ಲ? ಸಮನ್ಸ್ ಅಂಟಿಸಿದ್ದು ಜನವರಿ 17. ಅದೇ ಜನವರಿ 5ರಂದು ನಾನು ಫೋನ್‌ಪೇಯಲ್ಲಿ ಅವರಿಗೆ 6 ಸಾವಿರ ಬಡ್ಡಿ ಕಳಿಸಿದ್ದೆ. ನನ್ನ ನಂಬರು ಅವರ ಫೋನಿನಲ್ಲೇ ಇತ್ತು.

ಇಷ್ಟೆಲ್ಲಾ ಇದ್ದರೂ ಮೇಡಂ ನಿಶ್ಚಿಂತೆಯಾಗಿರಲಿಲ್ಲ. ರೂಲ್ 13ಕ್ಕೆ ಒಂದು ಕಟ್ಟುಪಾಡಿದೆ: ಜಾರಿಯಲ್ಲಿ ಏನೋ ಲೋಪವಿದೆ ಎಂಬ ಒಂದೇ ಕಾರಣಕ್ಕೆ ಡಿಕ್ರಿ ರದ್ದಾಗುವುದಿಲ್ಲ. ವಿಚಾರಣೆಯ ತಾರೀಖು ಪ್ರತಿವಾದಿಗೆ ಬೇರೆ ದಾರಿಯಿಂದ ಗೊತ್ತಾಗಿ, ಬಂದು ಉತ್ತರ ಕೊಡಲು ಸಮಯವೂ ಇತ್ತು ಎಂದು ಕೋರ್ಟಿಗೆ ಮನವರಿಕೆಯಾದರೆ ಅರ್ಜಿ ಬಿದ್ದುಹೋಗುತ್ತದೆ. ಅಂದರೆ ಬಾಗಿಲು ಇರಲಿಲ್ಲ ಎಂದು ತೋರಿಸಿದರೆ ಸಾಲದು, ನಮಗೆ ತಿಳಿದೇ ಇರಲಿಲ್ಲ ಎಂಬುದನ್ನೂ ನಂಬಿಸಬೇಕು.

ಜೂನ್ 27ಕ್ಕೆ ಅರ್ಜಿ ಹಾಕಿದೆವು. ಇದಕ್ಕೆ ಬೇರೆಯದೇ ನಂಬರು ಬೀಳುತ್ತದೆ, ವಕೀಲರ ಬಾಯಲ್ಲಿ ಇದು ‘ಮಿಸ್ ಪಿಟಿಷನ್’. ಅಮ್ಮ ಮೊದಲನೇ ಅರ್ಜಿದಾರಳು, ನಾನು ಎರಡನೆಯವನು. ನಾನು ತಿಳಿದುಕೊಂಡಿದ್ದು, ಅರ್ಜಿ ಹಾಕಿದರೆ ಕ್ರಯಪತ್ರದ ಕೆಲಸ ತಾನಾಗಿ ನಿಲ್ಲುತ್ತದೆ ಎಂದು. ನಿಲ್ಲುವುದಿಲ್ಲ. ತಡೆಯಾಜ್ಞೆಗೆ ಬೇರೆ ಅರ್ಜಿ ಹಾಕಿ, ತುರ್ತು ಎಂದು ಹೇಳಿ, ಅದರ ಮೇಲೆ ವಾದ ಮಾಡಿ ಪಡೆಯಬೇಕು. ಜುಲೈ 5ಕ್ಕೆ ಸಿಕ್ಕಿತು, 10ಕ್ಕೆ ಕರಡಿನ ವಾಯಿದೆ. ಐದು ದಿನದ ಅಂತರ. ಯಾರಾದರೂ ಡಿಕ್ರಿ ರದ್ದತಿಗೆ ಅರ್ಜಿ ಹಾಕಿ ಅಮಲ್ಜಾರಿ ಕಡೆ ನೋಡದೆ ಕೂತರೆ, ಅರ್ಜಿ ನಡೆಯುತ್ತಿರುವಾಗಲೇ ಜಮೀನು ನೋಂದಣಿಯಾಗಿ ಹೋಗಬಹುದು. ದಯವಿಟ್ಟು ಇದನ್ನು ಮರೆಯಬೇಡಿ.

ಎದುರಿನವರಿಗೆ ನೋಟೀಸು ಕೊಡದೆ ಡಿಕ್ರಿ ರದ್ದು ಮಾಡುವಂತಿಲ್ಲ. ಅವರು ಬಂದರು, ತಕರಾರು ಸಲ್ಲಿಸಲು ಮೂರು ವಾಯಿದೆ ತೆಗೆದುಕೊಂಡರು. ಇವರು ಊರಲ್ಲೇ ಇದ್ದರು, ಎಲ್ಲಾ ಗೊತ್ತಿತ್ತು, ಜಮೀನಿನ ಬೆಲೆ ಏರಿದ ಮೇಲೆ ಬಂದಿದ್ದಾರೆ ಎಂದು ಬರೆದಿದ್ದರು. ನಾವು ದಾಖಲೆ ಕೂಡಿಸಿದೆವು. ಮನೆ ಕುಸಿದು ವಾಸಕ್ಕಿಲ್ಲ ಎಂದು ಗ್ರಾಮ ಪಂಚಾಯ್ತಿಯ ಪತ್ರ, ಬೆಸ್ಕಾಂ ಮೀಟರ್ ವಾಪಸ್ ಮಾಡಿದ ರಸೀದಿ, ನರಸಾಪುರದ ಬಾಡಿಗೆ ಕರಾರು, ವಿಳಾಸ ಬದಲಾದ ಆಧಾರ್, ಬ್ಯಾಂಕಿನ ವಿವರ, ಗೃಹಪ್ರವೇಶದ ಆಹ್ವಾನ ಪತ್ರಿಕೆ, ಆ ಫೋಟೋ. ಮೊಬೈಲಿನ ಫೋಟೋ ಪ್ರಿಂಟು ಹಾಕಿಸಿದರೆ ಸಾಲದು, ಆಗ ಜಾರಿಯಲ್ಲಿದ್ದ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರ ಬೇಕು ಎಂದು ಫೋಟೋ ತೆಗೆದ ಭಾವನಿಂದ ಸಹಿ ಮಾಡಿಸಿದರು.

ಅಮ್ಮ ಕಟಕಟೆ ಹತ್ತಿದ್ದು ಡಿಸೆಂಬರಿನಲ್ಲಿ. ಹಿಂದಿನ ರಾತ್ರಿ ನಿದ್ದೆಯಿಲ್ಲ. ‘ಸಾಲದ ವಿಷ್ಯ ಹೇಳ್ಬಾರ್ದಾ?’ ಎಂದು ಹತ್ತು ಸಲ ಕೇಳಿದ್ದಳು. ಕೇಳಿದ್ದಕ್ಕಷ್ಟೇ ಉತ್ತರ ಎಂದು ನಾನೂ ಹತ್ತು ಸಲ ಹೇಳಿದ್ದೆ. ಪಾಟೀಸವಾಲು ಅರ್ಧ ಗಂಟೆ ನಡೆಯಿತು. ವಕೀಲರು ಕೇಳುವುದು, ಅಮ್ಮ ಹೇಳುವುದು, ನ್ಯಾಯಾಧೀಶರು ಅದನ್ನು ವಾಕ್ಯ ಮಾಡಿ ಟೈಪಿಸ್ಟರಿಗೆ ಹೇಳುವುದು. ‘ನಾನು ಸದರಿ ಗ್ರಾಮದಲ್ಲೇ ವಾಸವಿದ್ದೆ ಎಂದರೆ ಸರಿಯಲ್ಲ.’ ‘ದಾವೆಯ ವಿಷಯ ನನಗೆ ಮೊದಲೇ ತಿಳಿದಿತ್ತು ಎಂದರೆ ಸರಿಯಲ್ಲ.’ ಎರಡು ತಲೆಮಾರು ಹೊಲ ಮಾಡಿದ ಕೈಗಳು ಕಟಕಟೆಯ ಮರ ಹಿಡಿದುಕೊಂಡಿದ್ದವು.

ಆಮೇಲೆ ಅವರು ಕೇಳಿದರು: ‘2020ರಲ್ಲಿ ಮಾರ್ನಮಿ ಹಬ್ಬಕ್ಕೆ ಊರಿಗೆ ಹೋಗಿದ್ದಿರಿ, ಅಲ್ವಾ?’

ಹೋಗಿದ್ದಳು. ಹಿರಿಯರಿಗೆ ಎಡೆ ಇಡಲು ಪ್ರತಿ ವರ್ಷ ಹೋಗುತ್ತಾಳೆ. ಇಲ್ಲ ಎಂದರೆ ಸುಳ್ಳು, ಹೌದು ಎಂದರೆ ಆ ಕಟ್ಟುಪಾಡಿಗೆ ಸಿಕ್ಕಿಬೀಳುತ್ತೇವೆ. ನಾನು ಬೆಂಚಿನ ತುದಿಗೆ ಬಂದಿದ್ದೆ.

‘ಹೋಗಿದ್ದೆ ಸ್ವಾಮಿ. ಮೈದುನನ ಮನೇಲಿದ್ದು ಎಡೆ ಇಟ್ಟು ಬಂದೆ.’

‘ಆಗ ನಿಮ್ಮ ಮನೆ ಬಾಗಿಲಿಗೆ ಅಂಟಿಸಿದ್ದ ಸಮನ್ಸ್ ನೋಡಿದ್ದೀರಿ ಎಂದರೆ ಸರಿ ತಾನೇ?’

‘ಸ್ವಾಮಿ, ಆ ಮನೇಗೆ ಬಾಗ್ಲೇ ಇಲ್ಲ. ನಮ್ಮತ್ತೆ ಮಾವ ಬಾಳಿದ ಮನೆ, ಹೋದಾಗೆಲ್ಲಾ ಹೊಸ್ಲಿದ್ದ ಜಾಗ ಮುಟ್ಟಿ ಕಣ್ಣಿಗೊತ್ಕೊಂಡು ಬತ್ತೀನಿ. ಒಂದು ಚೂರು ಕಾಗ್ದ ಇದ್ದಿದ್ರೂ ಕಾಣ್ದೆ ಇರ್ತಿರಲಿಲ್ಲ.’

ನ್ಯಾಯಾಧೀಶರು ತಲೆಯೆತ್ತಿ ಫೋಟೋ ಕೇಳಿದರು. ನೋಡಿ, ಹಿಂಬರಹದ ಪಕ್ಕದಲ್ಲಿ ಇಟ್ಟುಕೊಂಡರು. ಟೈಪಿಸ್ಟರಿಗೆ ಹೇಳಿದ ವಾಕ್ಯ ಹೀಗಿತ್ತು: ‘ಸದರಿ ಮನೆಗೆ ಬಾಗಿಲು ಇರಲಿಲ್ಲ ಎಂದು ಸಾಕ್ಷಿ ತಾನಾಗಿ ನುಡಿಯುತ್ತಾರೆ.’

ಊರಿನ ಪಂಚಾಯ್ತಿಯ ಮಾಜಿ ಸದಸ್ಯರೊಬ್ಬರು ನಮ್ಮ ಪರ ಸಾಕ್ಷಿ ಹೇಳಿದರು. ವಾದದ ದಿನ ಮೇಡಂ 1955ರ ಸಂಗ್ರಾಮ್ ಸಿಂಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪನ್ನು ಮುಂದಿಟ್ಟರು. ಜನರ ಬದುಕಿಗೂ ಆಸ್ತಿಗೂ ಸಂಬಂಧಿಸಿದ ನಡಾವಳಿ ಅವರ ಬೆನ್ನ ಹಿಂದೆ ನಡೆಯಬಾರದು, ಪ್ರಕ್ರಿಯೆಯ ನಿಯಮ ಇರುವುದು ನ್ಯಾಯಕ್ಕೆ ಅನುಕೂಲವಾಗಲಿ ಎಂದೇ ಹೊರತು ಜನರನ್ನು ಕೆಡವಲಿಕ್ಕಲ್ಲ ಎಂಬುದು ಅದರ ಸಾರ. ಅದನ್ನು ಅಮ್ಮನಿಗೆ ಆಮೇಲೆ ವಿವರಿಸಿದೆ. ‘ಅಷ್ಟು ಹಳೇ ಕಾಲ್ದಲ್ಲೇ ಹೇಳವ್ರಾ?’ ಎಂದು ಸುಮ್ಮನಾದಳು.

2024ರ ಫೆಬ್ರವರಿ ಕೊನೆಯ ವಾರ ಆದೇಶವಾಯಿತು. ಏಕಪಕ್ಷೀಯ ಡಿಕ್ರಿ ರದ್ದು, ದಾವೆ ಹಳೆಯ ನಂಬರಿಗೇ ಮರುಸ್ಥಾಪನೆ. ಎದುರಿನವರಿಗೆ 5 ಸಾವಿರ ರೂಪಾಯಿ ಖರ್ಚು ಕೊಡಬೇಕು, 30 ದಿನದೊಳಗೆ ಲಿಖಿತ ಹೇಳಿಕೆ ಸಲ್ಲಿಸಬೇಕು. ತಪ್ಪು ನಮ್ಮದಲ್ಲದಿದ್ದರೂ ಖರ್ಚು ಯಾಕೆ ಎಂದು ಸಿಟ್ಟು ಬಂತು. ಹೀಗೆ ಷರತ್ತು ಹಾಕುವ ಅಧಿಕಾರ ಅದೇ ರೂಲಿನಲ್ಲಿದೆ, ಕೆಲವರಿಗೆ ಡಿಕ್ರಿ ಮೊತ್ತದಲ್ಲೇ ಒಂದು ಭಾಗ ಠೇವಣಿ ಇಡಿ ಎನ್ನುತ್ತಾರೆ, ಇದು ಕಮ್ಮಿ ಎಂದು ಮೇಡಂ ಹೇಳಿದರು. ಗಡುವು ಮೀರಿದರೆ ಗೆದ್ದದ್ದೂ ಕೈತಪ್ಪುತ್ತದೆ. ಮಾರನೇ ದಿನವೇ ಕಟ್ಟಿದೆ.

ನಮಗೆ ತಡವಾಗಿ ತಿಳಿದದ್ದು ಒಂದಿದೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, 15100ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಇ-ಕೋರ್ಟ್ಸ್ ತಾಣದಲ್ಲಿ ಜಿಲ್ಲೆ, ಕೋರ್ಟು ಆರಿಸಿ ಪಕ್ಷಕಾರರ ಹೆಸರು ಹಾಕಿದರೆ ಯಾರ ಮೇಲೆ ಯಾವ ಕೇಸಿದೆ ಎಂದು ದುಡ್ಡಿಲ್ಲದೆ ನೋಡಬಹುದು. ಊರು ಬಿಟ್ಟು ಬಂದು, ಊರಿನಲ್ಲಿ ಇನ್ನೂ ಜಮೀನು ಇರುವ ನನ್ನಂಥವರು ಆರು ತಿಂಗಳಿಗೊಮ್ಮೆಯಾದರೂ ಅಪ್ಪ ಅಮ್ಮನ ಹೆಸರು ಹಾಕಿ ನೋಡಿ. ನಾನು ಈಗ ತಿಂಗಳಿಗೊಮ್ಮೆ ನೋಡುತ್ತೇನೆ.

ದಾವೆ ಮೊದಲಿನಿಂದ ನಡೆಯುತ್ತಿದೆ. ಗೆಲ್ಲುತ್ತೇವೋ ಇಲ್ಲವೋ, ಕರಾರಿನ ಮೇಲೆ ನಮ್ಮ ಸಹಿಯಂತೂ ಇದೆ. ಅಕ್ಕನ ಪಾಲಿನ ಪ್ರಶ್ನೆಯೂ ಇದೆ.

ಲಿಖಿತ ಹೇಳಿಕೆ ಸಲ್ಲಿಸುವ ಹಿಂದಿನ ದಿನ ಮೇಡಂ ಅದನ್ನು ಅಮ್ಮನಿಗೆ ಪೂರ್ತಿ ಓದಿ ಹೇಳಿದರು. ಅಪ್ಪ ತೀರಿಕೊಂಡದ್ದು, ಬೋರ್‌ವೆಲ್, ಸಾಲ, ಬಡ್ಡಿ, ಹರಿದು ಹಾಕುತ್ತೇನೆ ಎಂದ ಮಾತು, ಎಲ್ಲವೂ ಬಂದಿತ್ತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೇಳುತ್ತಿದ್ದವಳು ನಡುವೆ ಕೈಯೆತ್ತಿ ನಿಲ್ಲಿಸಿದಳು.

‘ಸಾವಿರದ ಇನ್ನೂರಡಿ ಅಲ್ಲಮ್ಮ. ಸಾವಿರದ ನೂರಾ ಎಂಬತ್ತು. ನಾನೇ ಪೈಪು ಎಣಿಸಿದ್ದೆ.’

ಮೇಡಂ ಹೊಡೆದು ಹಾಕಿ 1,180 ಎಂದು ಬರೆದರು. ಅಮ್ಮ ಬಗ್ಗಿ ಆ ಅಂಕಿ ನೋಡಿ, ಆಮೇಲೆ ಸಹಿ ಹಾಕಿದಳು.